ಮುಖಪುಟ ಭಾರಿ ಲಾಯ್ಕುಂಟು

ಬರೆಯುವುದು ಒಂದು ಕಾಯಿಲೆ. ಬರೆದದ್ದನ್ನು ಅಚ್ಚು ಹಾಕಿಸಬೇಕು ಅನ್ನಿಸುವುದು ಅದು ಉಲ್ಬಣಿಸಿದ ಹಂತ. ನಮ್ಮ ಸುಳ್ಯದಲ್ಲಿ ಮೆಡಿಕಲ್ ಕಾಲೇಜೇ ಇದ್ದರೂ ಇದಕ್ಕೆ ಮದ್ದಿಲ್ಲ. ನನ್ನ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬರೆದ ಹಾಸ್ಯ ಪ್ರಬಂಧಗಳು ಒಂದು ಪುಸ್ತಕಕ್ಕಾಗುವಷ್ಟು ಆಗಿವೆ ಎಂದರೆ, ವ್ಯಾಪಾರ ಹೇಗಿದೆಯೆಂದು ನೀವೇ ಊಹಿಸಿಕೊಳ್ಳಿ. ಪ್ರಕಾಶಕರೊಬ್ಬರಿಗೆ ಕಳಿಸಿದ್ದೆ. ಅವರು ಬೇಡ ಅನ್ನಲಿಲ್ಲ, ಬೇಕು ಅನ್ನಲೂ ಇಲ್ಲ. ಎರಡು ಮಳೆಗಾಲ ಕಳೆದ ಮೇಲೆ ಆ ಮೌನದ ಅರ್ಥ ನನ್ನಂಥವನಿಗೂ ಹೊಳೆಯಿತು. ಇನ್ನು ಉಳಿದದ್ದು ನಾನೇ ಹಾಕಿಸುವುದು. ಹಾಕಿಸಬೇಕೋ ಬೇಡವೋ ಎಂಬ ಚಿಂತೆಯಲ್ಲಿ ಎಂಟು ನಂಬರಿನ ಕಾಲಿಗೆ ಆರು ನಂಬರಿನ ಚಪ್ಪಲಿ ತೊಡಿಸಲು ಹೋಗಿ ಬೈಸಿಕೊಂಡದ್ದೂ ಉಂಟು.

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಪುಸ್ತಕ ಬಿಡುಗಡೆಗೂ ಮದುವೆಯದ್ದೇ ಕ್ರಮ. ಮನೆಮನೆಗೆ ಹೋಗಿ ಕರೆಯಬೇಕು. ಯಾರ ಬಿಡುಗಡೆಗೆ ನಾನು ಹೋಗಿದ್ದೇನೋ ಅವರು ನನ್ನದಕ್ಕೆ ಬರಲೇಬೇಕು. ವೇದಿಕೆಯಲ್ಲಿ ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಯ ಹತ್ತಿರ ಹಿಡಿದು ಫೋಟೋ. ಆಮೇಲೆ ಅವಲಕ್ಕಿ, ಸಜ್ಜಿಗೆ, ಚಾ. ಹೊರಡುವಾಗ ಒಂದು ಪ್ರತಿ ಕೊಂಡು ಲೇಖಕನಿಗೆ ಒಂದು ಒಳ್ಳೆಯ ಮಾತು ಹೇಳಬೇಕು. ಓದದೆ ಹೇಳಬಹುದಾದ ಒಳ್ಳೆಯ ಮಾತೊಂದನ್ನು ನಾನು ಬಹಳ ಹಿಂದೆಯೇ ಕಂಡುಕೊಂಡಿದ್ದೇನೆ: "ಮುಖಪುಟ ಭಾರಿ ಲಾಯ್ಕುಂಟು ಮಾರಾಯ್ರೆ." ಹೀಗೆ ಹೊಗಳಿಸಿಕೊಂಡ ಪುಸ್ತಕಗಳೆಲ್ಲ ನಮ್ಮ ಮನೆಯ ಶೋಕೇಸಿನಲ್ಲಿ, ಭಾವ ದುಬಾಯಿಯಿಂದ ತಂದ ಅತ್ತರಿನ ಬಾಟಲಿಗಳ ಪಕ್ಕ ನಿಂತಿವೆ. ಎರಡರದ್ದೂ ಮುಚ್ಚಳ ತೆಗೆದವರಿಲ್ಲ.

ಹಾಕಿಸುವ ಮೊದಲು ಯಾರಾದರೂ ಓದಿ ಹೇಳಲಿ ಎಂದು ಹೆಂಡತಿ ಮುಮ್ತಾಜಳಿಗೆ ಕೊಟ್ಟೆ. ಅವಳು ಅಕ್ಕಿಯ ಒರೊಟ್ಟಿ ಬೇಯಿಸುತ್ತ, ಕಾವಲಿ ಕಾಯುವಷ್ಟು ಹೊತ್ತಿನಲ್ಲಿ ಎರಡೆರಡು ಹಾಳೆಯಂತೆ, ಪೂರ್ತಿ ಓದಿ ಮುಗಿಸಿದಳು.

"ಮೂರು ಕಡೆ ನಗು ಬಂತು," ಎಂದಳು. "ಉಳಿದ ಕಡೆ ನೀವೊಬ್ಬರೇ ನಗ್ತಾ ಇದ್ದೀರಿ. ಸುಬ್ರಹ್ಮಣ್ಯದ ಬಸ್ಸಲ್ಲಿ ನಿದ್ದೆ ಬಿದ್ದು ಸ್ಟಾಪ್ ತಪ್ಪಿದ್ದು ನೀವು ಬರೆದ ಹಾಗೆ ನಿಮಗಲ್ಲ, ನನ್ನ ಅಣ್ಣನಿಗೆ. ಈಗ ಹಾಕಿಸುದು ಬೇಡ. ಇನ್ನೊಮ್ಮೆ ಕೂತು ಬರೀರಿ."

ನನಗೆ ಕೆಟ್ಟ ಸಿಟ್ಟು ಬಂತು. ಸರಿಯಾಗಿ ಹೇಳಿದ್ದಾಳೆ ಎಂದು ಗೊತ್ತಾದದ್ದರಿಂದ ಇನ್ನಷ್ಟು ಬಂತು. ಸಾಹಿತ್ಯ ತಿಳಿದವರ ಅಭಿಪ್ರಾಯವೇ ಬೇರೆ ಎಂದು ಸಮಾಧಾನ ಮಾಡಿಕೊಂಡು, ಒಂದು ಝೆರಾಕ್ಸ್ ಪ್ರತಿಯನ್ನು ಪೆರಾಬೆಯ ಪದ್ಮಯ್ಯಣ್ಣನಿಗೆ ಕೊಟ್ಟೆ. ಅವರು ತಮ್ಮ ಕವನ ಸಂಕಲನವನ್ನು ತಾವೇ ಹಾಕಿಸಿದ ಅನುಭವಿಗಳು. ನನ್ನ ಪ್ರತಿಯಲ್ಲಿ ಚಿತ್ರವಿರಲಿಲ್ಲ, ಹೆಸರಿರಲಿಲ್ಲ. ಹಾಳೆಗಳ ಮೇಲೆ ಝೆರಾಕ್ಸ್ ಅಂಗಡಿಯವರು ಹಾಕಿದ ಒಂದು ನೀಲಿ ರಟ್ಟು, ಅಷ್ಟೆ.

ಕೆಲವು ದಿನ ಬಿಟ್ಟು ಪದ್ಮಯ್ಯಣ್ಣ ಆ ಪ್ರತಿ ಹಿಡಿದುಕೊಂಡು ಅಂಗಡಿಗೇ ಬಂದರು. "ಎಂತ ಯೋಚನೆ ಮಾಡುದು? ಹಾಕಿಸಿ ಮಾರಾಯ್ರೆ! ಎಲ್ಲವೂ ಒಂದಕ್ಕಿಂತ ಒಂದು. ಅದರಲ್ಲೂ ಮುಖಪುಟ ಭಾರಿ ಲಾಯ್ಕುಂಟು."

ನಾನು ನೀಲಿ ರಟ್ಟನ್ನು ನೋಡಿದೆ. ಅವರ ಸಂಕಲನ ಬಿಡುಗಡೆಯಾದ ದಿನ ಅದನ್ನು ಕೈಗೆತ್ತಿಕೊಂಡು ನಾನು ಹೇಳಿದ್ದೂ ಇದೇ ಮಾತು, ಇದೇ ಧಾಟಿ. ಅವರು ಚೀಲದಿಂದ ಆಮಂತ್ರಣ ಪತ್ರಿಕೆಯೊಂದನ್ನು ತೆಗೆದು, "ಬರುವ ಆದಿತ್ಯವಾರ ನಂದು ಎರಡನೆಯ ಪುಸ್ತಕ ಉಂಟು. ತಪ್ಪಿಸಬಾರದು," ಎಂದರು.

ಹೀಗೆ, ಓದಿದವಳು ಬೇಡ ಎಂದಳು, ಓದದವರು ಬೇಕು ಎಂದರು. ಊರಿನಲ್ಲಿ ಓದದವರ ಸಂಖ್ಯೆಯೇ ದೊಡ್ಡದು. ಬಹುಮತಕ್ಕೆ ತಲೆಬಾಗುವುದು ನನ್ನ ಸ್ವಭಾವ. ಮರುದಿನವೇ ಪುತ್ತೂರಿನ ಪ್ರೆಸ್ಸಿಗೆ ಹೋದೆ.

"ಒಳಗಿನ ಪುಟಗಳ ಪ್ರೂಫ್ ಯಾವಾಗ ನೋಡ್ತೀರಿ?" ಎಂದು ಪ್ರೆಸ್ಸಿನವರು ಕೇಳಿದರು.

"ಅದಕ್ಕೆಂತ ಅವಸರ?" ಎಂದೆ. "ಮೊದಲು ಮುಖಪುಟ ತೋರಿಸಿ."