ಗುಡ್ಡಕ್ಕೆ ಬೆಂಕಿ, ಬಂಗಲೆಗೆ ನೀರು

ಬೆಂಕಿ ಬಿದ್ದರೆ ಸರಕಾರ ಬಂದು ಆರಿಸುತ್ತದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ನಾನು ನಮ್ಮ ಪಂಚಾಯತಿಗೆ ಹೊಸದಾಗಿ ಚೇರಮನ್ ಆಗಿದ್ದೆ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಬದಿಗೆ ನಮ್ಮೂರು. ಹಿಂದೆ ಗುಡ್ಡ, ಗುಡ್ಡದ ಬುಡದಲ್ಲಿ ಸಿದ್ದಿಗಳ ಕೇರಿ. ಚುನಾವಣೆಯಲ್ಲಿ ಆರಿಸಿ ಬಂದ ಮೇಲೆ ನಮ್ಮಂಥವರನ್ನೆಲ್ಲ ಧಾರವಾಡಕ್ಕೆ ಕರೆಸಿ ತರಬೇತಿ ಕೊಟ್ಟಿದ್ದರು. ಒಬ್ಬ ಸಾಹೇಬರು ಹಲಗೆಯ ಮೇಲೆ ಏಣಿಯ ಚಿತ್ರ ಬರೆದು, ಕೆಳಗಿನ ಮೆಟ್ಟಿಲು ಪಂಚಾಯತಿ, ಅದರ ಮೇಲೆ ತಾಲೂಕು, ಅದರ ಮೇಲೆ ಜಿಲ್ಲೆ, ತುದಿಗೆ ರಾಜ್ಯ ಎಂದು ತೋರಿಸಿದರು. ಕೆಳಗಿನವನು ಕೂಗಿದರೆ ಮೇಲಿನವನಿಗೆ ಕೇಳಿಸುತ್ತದಂತೆ. ನಾನು ಚಪ್ಪಾಳೆ ತಟ್ಟಿ ಬಂದಿದ್ದೆ.

ಹೋಳಿ ಹುಣ್ಣಿಮೆ ಮುಗಿದಿತ್ತು. ಗುಡ್ಡದ ಮೇಲೆ ಸಾಗುವಾನಿ ಎಲೆಗಳೆಲ್ಲ ಉದುರಿ ಹಪ್ಪಳದ ಹಾಗೆ ಒಣಗಿ ಬಿದ್ದಿದ್ದವು. ಒಂದು ಮುಂಜಾನೆ ನಾನು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಹೆಂಡತಿ ಗಂಗವ್ವ ಹಿತ್ತಲಿನಿಂದ ಓಡಿಬಂದಳು.

"ಗುಡ್ಡಕ್ಕ ಬೆಂಕಿ ಹತ್ತೈತಿ. ಕೇರಿ ಮಂದಿ ಆಗಲೇ ಹತ್ಯಾರ. ಒಂದು ಹಸಿ ಟೊಂಗಿ ಮುರಕೊಂಡು ಬರ್ರಿ."

ನಾನು ಅರ್ಧ ಗಡ್ಡದಲ್ಲೇ ಗಂಭೀರನಾದೆ. "ನಾ ಚೇರಮನ್ ಅದೇನಿ. ನಾನೇ ಟೊಂಗಿ ಹಿಡಕೊಂಡು ಬಡದ್ರ ಸರಕಾರ ಏನ್ ಮಾಡಬೇಕು? ಮ್ಯಾಲಿನವರಿಗೆ ತಿಳಸ್ತೇನಿ."

"ಮ್ಯಾಲಿನವರಿಗೆ ತಿಳಿಯೂದ್ರಾಗ ಕೆಳಗಿನವರು ಬೂದಿ ಆಗಿರ್ತೇವಿ" ಎಂದು ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋದಳು. ನಾನು ಉಳಿದ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಟೊಪ್ಪಿಗೆ ಇಟ್ಟುಕೊಂಡು ಹೊರಟೆ. ಸರಕಾರದ ಮುಂದೆ ಕಂಗಾಲಾಗಿ ನಿಲ್ಲಬಾರದು ನೋಡಿ.

ಮೊದಲು ರೇಂಜ್ ಆಫೀಸು. ರೇಂಜರ್ ಸಾಹೇಬರು ಚಹಾ ಕುಡಿಯುತ್ತಿದ್ದರು. ಅವರ ಕಿಟಕಿಯಿಂದಲೇ ಹೊಗೆ ಕಾಣುತ್ತಿತ್ತು.

"ಬೆಂಕಿ ಗಡಿಕಲ್ಲಿನ ಮ್ಯಾಲೆ ಐತೋ, ಕೆಳಗೈತೋ?" ಎಂದು ಕೇಳಿದರು.

"ಎರಡೂ ಕಡೆ ಐತ್ರಿ ಸಾಹೇಬ್ರ."

"ಮ್ಯಾಲಿಂದು ಜೋಯಿಡಾ ಕಡೇದು, ಬ್ಯಾರೆ ರೇಂಜ್. ಕೆಳಗಿಂದು ಕಂದಾಯ ಜಮೀನು, ಮಾಮಲೇದಾರ್ರದು. ನಡುವ ಏನರ ಹತ್ತಿದ್ರ ನಂದು."

"ನಡುವ ಏನೈತ್ರಿ?"

"ಕಲ್ಲು."

ಕಲ್ಲು ಹೊತ್ತಿಕೊಳ್ಳುವವರೆಗೆ ಕಾಯಲು ಅವರು ಸಿದ್ಧರಿದ್ದರು. ನನ್ನ ಕಿವಿ ಬಿಸಿಯಾಯಿತು. ಆದರೆ ನಾನು ತರಬೇತಿ ಪಡೆದವನು. ಕೈ ಮುಗಿದು ಹೊರಬಂದು, ಕಾಗದದ ಕಾರ್ಖಾನೆಗೆ ಬಿದಿರು ಇಳಿಸಿ ಬರಿದಾಗಿ ಹೊರಟಿದ್ದ ಲಾರಿ ಹತ್ತಿ ತಾಲೂಕಿನ ಪೇಟೆ ಹಳಿಯಾಳಕ್ಕೆ ಹೋದೆ.

ಮಾಮಲೇದಾರ ಸಾಹೇಬರು ನನ್ನ ಮಾತನ್ನು ಪೂರ್ತಿ ಕೇಳಿದರು. ಅಷ್ಟು ತಾಳ್ಮೆಯಿಂದ ನನ್ನ ಮಾತನ್ನು ನನ್ನ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಕೇಳಿ ಮುಗಿಸಿ, "ಅಡವಿ ಬೆಂಕಿ ಅರಣ್ಯ ಇಲಾಖೆದು. ಮನಿ ಸುಟ್ರ ನಮ್ದು" ಎಂದರು.

"ಮನಿಗೆ ಇನ್ನೂ ಹತ್ತಿಲ್ರಿ. ಹತ್ತಬಾರದಂತನ ಬಂದೇನ್ರಿ."

"ಹಂಗಾರ ಇನ್ನೂ ನಮ್ಮದಾಗಿಲ್ಲ. ಸುಟ್ಟ ಮ್ಯಾಲೆ ತಿಳಸ್ರಿ, ಪಂಚನಾಮಿಗೆ ತಪ್ಪದ ಬರ್ತೇವಿ."

ಆ 'ತಪ್ಪದ' ಎಂಬ ಮಾತಿಗೆ ನಾನು ಹಲ್ಲು ಕಡಿದೆ. ಅಲ್ಲಿಂದ ನೇರವಾಗಿ ಬೆಂಕಿ ಆರಿಸುವ ಗಾಡಿ ನಿಲ್ಲುವ ಜಾಗಕ್ಕೆ ನಡೆದೆ. ಕೆಂಪು ಗಾಡಿ ನೀರು ತುಂಬಿಕೊಂಡು ನಿಂತಿತ್ತು. ಡ್ರೈವರ್ ಅದರ ನೆರಳಿನಲ್ಲಿ ಮಲಗಿದ್ದ. ಎಬ್ಬಿಸಿದೆ. ಆತ ಒಳ್ಳೆಯವನೇ. ಎದ್ದು ಕೂತು ಹೇಳಿದ: "ಪ್ಯಾಟಿ ಹದ್ದು ದಾಟಾಕ ಮಾಮಲೇದಾರ್ರ ಹುಕುಂ ಬೇಕ್ರಿ. ನೀವು ಪಂಚಾಯತಿ, ನಾವು ಪುರಸಭೆ."

"ಬೆಂಕಿಗೆ ಅದು ಗೊತ್ತೈತೇನೋ?"

"ನಂಗ ಗೊತ್ತಿರಬೇಕಲ್ರಿ."

ಹೊತ್ತು ನೆತ್ತಿಗೆ ಬಂದಿತ್ತು. ನಾನು ಎದುರಿನ ಖಾನಾವಳಿಯಲ್ಲಿ ಕೂತು ಸಿಟ್ಟಿನಿಂದ ನೀರು ಕುಡಿದೆ. ಮೂರು ಇಲಾಖೆಗಳ ನಡುವೆ ಮೂರು ಗೋಡೆ, ಗೋಡೆಗೆ ತಲೆ ಜಜ್ಜಿಕೊಳ್ಳಲು ನಾನೊಬ್ಬ. ಏಣಿಯ ಚಿತ್ರ ಬರೆದ ಸಾಹೇಬರು ಸಿಕ್ಕಿದ್ದರೆ ಅವತ್ತು ಅದೇ ಹಲಗೆಯಿಂದ ಬಡಿಯುತ್ತಿದ್ದೆ. ಆಗ ಗಲ್ಲಾಪೆಟ್ಟಿಗೆಯ ಮೇಲಿದ್ದ ಫೋನು ಕಣ್ಣಿಗೆ ಬಿತ್ತು, ತಲೆಯಲ್ಲಿ ದೀಪ ಹತ್ತಿತು. ಅಂಥ ದೀಪ ಯಾರ ತಲೆಯಲ್ಲೂ ಹತ್ತದಿರಲಿ.

ನಮ್ಮೂರು ದಾಟಿ, ದಾಂಡೇಲಿ ದಾಟಿ, ಮೌಳಂಗಿ ಕಡೆ ಹೊಳೆ ದಂಡೆಯ ಮೇಲೆ ಒಂದು ಸರಕಾರಿ ಬಂಗಲೆ ಇತ್ತು. ಮಂತ್ರಿಗಳು ಬಂದರೆ ಇಳಿದುಕೊಳ್ಳುವ ಜಾಗ. ಅಲ್ಲಿಗೆ ಹೋಗುವವರು ನಮ್ಮೂರಿನ ಮುಂದೆಯೇ ಹೋಗಬೇಕು. ಹೋಗುವಾಗ ಗುಡ್ಡ ಉರಿಯುವುದು ಕಾಣುತ್ತದೆ. ಕಂಡ ಮೇಲೆ ನಿಲ್ಲದೆ ಇರುತ್ತಾರೆಯೇ? ಇದು ನನ್ನ ಲೆಕ್ಕ. ಫೋನು ಎತ್ತಿ, ಗಂಟಲು ದಪ್ಪ ಮಾಡಿ, ಮಾಮಲೇದಾರ ಕಚೇರಿಗೆ ಹೇಳಿದೆ:

"ಮಂತ್ರಿಗಳ ಬಂಗಲೆಯ ಕಡೆ ಕಾಡಿನ ಬೆಂಕಿ ಹೊರಟಿದೆ. ಎಲ್ಲ ಇಲಾಖೆಯವರೂ ಕೂಡಲೇ ಹೊರಡಬೇಕು."

"ಯಾರ್ರಿ ಮಾತಾಡೂದು?"

ನಾನು ಗಂಟಲು ಇನ್ನಷ್ಟು ದಪ್ಪ ಮಾಡಿ, "ಮೇಲಿನಿಂದ" ಎಂದೆ.

ಮುಂದೆ ಒಂದು ಪ್ರಶ್ನೆಯೂ ಬರಲಿಲ್ಲ. ಎಲ್ಲಿಂದ ಮೇಲೆ, ಎಷ್ಟು ಮೇಲೆ, ಯಾರೂ ಕೇಳಲಿಲ್ಲ. ನಾನು ಖಾನಾವಳಿಯಿಂದ ಹೊರಬರುವುದರೊಳಗೆ ಮಾಮಲೇದಾರರ ಜೀಪು ಧೂಳೆಬ್ಬಿಸಿ ಹೋಯಿತು. ಹಿಂದೆ ಪೊಲೀಸರ ಗಾಡಿ. ಮಲಗಿದ್ದ ಡ್ರೈವರ್ ಗಂಟೆ ಬಾರಿಸುತ್ತ ಕೆಂಪು ಗಾಡಿ ಹೊರಡಿಸಿದ. ನಾನು ಓಡಿಹೋಗಿ ಅವನ ಪಕ್ಕದಲ್ಲೇ ಹತ್ತಿ ಕೂತೆ. ಗಂಟೆಯ ಸದ್ದು ಕೇಳುತ್ತ ನನಗೆ ಎದೆ ಉಬ್ಬಿತು. ಕೊನೆಗೂ ಸರಕಾರವನ್ನು ಊರಿಗೆ ಕರೆದೊಯ್ಯುತ್ತಿದ್ದೆ.

ನಮ್ಮೂರು ಬಂತು. ಗುಡ್ಡದ ಅರ್ಧ ಕಪ್ಪಾಗಿತ್ತು. ಉರಿ ಕೇರಿಯ ಬೇಲಿಯ ತನಕ ಇಳಿದಿತ್ತು. ಗಂಡಸರು, ಹೆಂಗಸರು ಸಾಲಾಗಿ ನಿಂತು ಹಸಿ ಟೊಂಗೆಗಳಿಂದ ಬಡಿಯುತ್ತಿದ್ದರು. ಅವರ ನಡುವೆ ಗಂಗವ್ವನ ಹಸಿರು ಸೀರೆ ಕಂಡಿತು. ಆಕೆ ತಿರುಗಿ ಗಾಡಿಯನ್ನು ನೋಡಿದಳು, ಗಾಡಿಯಲ್ಲಿ ಕೂತ ನನ್ನನ್ನೂ ನೋಡಿದಳು.

"ನಿಲ್ಸೋ, ಇಲ್ಲೇ ಬೆಂಕಿ" ಎಂದೆ.

"ಇದು ನಮ್ಮ ಬೆಂಕಿ ಅಲ್ರಿ. ನಮ್ದು ಬಂಗಲೆ ಬೆಂಕಿ."

"ಬಂಗಲೆಗೆ ಬೆಂಕಿ ಇಲ್ಲೋ ಮಾರಾಯಾ. ನಾನೇ ಫೋನ್ ಮಾಡಿದ್ದು."

ಡ್ರೈವರ್ ನನ್ನನ್ನು ಮರುಕದಿಂದ ನೋಡಿದ. "ಫೋನ್ ಮ್ಯಾಲಿಂದ ಬಂದೈತ್ರಿ. ನೀವು ಬಾಜೂಕ ಕುಂತೀರಿ" ಎಂದು ಇನ್ನಷ್ಟು ಜೋರಾಗಿ ಗಂಟೆ ಬಾರಿಸಿದ. ಗಂಗವ್ವ ನನ್ನ ಕಣ್ಣೆದುರೇ ಸಣ್ಣವಳಾಗುತ್ತ ಹೋಗಿ ಹೊಗೆಯಲ್ಲಿ ಮರೆಯಾದಳು. ನಾನು ಸ್ಟೇರಿಂಗಿಗೆ ಕೈ ಹಾಕಿದೆ. ಆತ ಮೊಣಕೈಯಿಂದ ತಿವಿದ. ಟೊಪ್ಪಿಗೆ ಕಿಟಕಿಯಿಂದ ಹಾರಿಹೋಯಿತು.

ಬಂಗಲೆಯ ಅಂಗಳದಲ್ಲಿ ಎಲ್ಲರೂ ನೆರೆದಿದ್ದರು. ಮಾಮಲೇದಾರರು, ರೇಂಜರ್ ಸಾಹೇಬರು, ಪೊಲೀಸರು, ಜೋಯಿಡಾ ಕಡೆಯ ರೇಂಜರ್ ಕೂಡ. ಅಷ್ಟೊಂದು ಇಲಾಖೆ ಒಂದೇ ಮರದ ನೆರಳಿನಲ್ಲಿ ನಿಂತದ್ದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಬೆಂಕಿ ಇರಲಿಲ್ಲ. ಆದರೂ ಬಂದ ಮೇಲೆ ಸುಮ್ಮನೆ ಹೋಗಬಾರದೆಂದು ಬಂಗಲೆಯ ಹಂಚಿಗೆ, ಗುಲಾಬಿ ಗಿಡಗಳಿಗೆ, ಅಂಗಳದ ಧೂಳಿಗೆ ಇದ್ದ ನೀರನ್ನೆಲ್ಲ ಹೊಡೆದರು. ಮುನ್ನೆಚ್ಚರಿಕೆಯಂತೆ.

ನಾನು ನಡುವೆ ನಿಂತು ಕೂಗಿದೆ. "ಸಾಹೇಬ್ರ, ಎಲ್ಲಾರೂ ಇಲ್ಲೇ ಅದೀರಿ. ನಮ್ಮೂರು ಸುಡಾಕತ್ತೈತಿ. ಬರ್ರಿ, ಹೋಗೂಣು."

ಇಬ್ಬರು ರೇಂಜರುಗಳು ಪರಸ್ಪರ ನೋಡಿಕೊಂಡು ಮಾಮಲೇದಾರರನ್ನು ನೋಡಿದರು. ಅವರು ಡ್ರೈವರನನ್ನು ನೋಡಿದರು.

"ನೀರು ಖಾಲಿ ಆತ್ರಿ" ಎಂದ ಡ್ರೈವರ್.

ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಇಲಾಖೆವಾರು ಬೈದೆ. ಪೊಲೀಸರೊಬ್ಬರು ನನ್ನ ತೋಳು ಹಿಡಿದು, "ಬಿಸಲಿಗಿ ತಲಿ ತಿರಗೈತಿ" ಎಂದು ಎಲ್ಲರಿಗೂ ಹೇಳಿ ರಸ್ತೆಗೆ ಬಿಟ್ಟುಬಂದರು.

ಬಸ್ಸು ಸಿಕ್ಕಿ ಊರು ಮುಟ್ಟುವಾಗ ಸಂಜೆಯಾಗಿತ್ತು. ಬೆಂಕಿ ಆರಿತ್ತು. ನಮ್ಮ ಮಂದಿಯೇ ಆರಿಸಿದ್ದರು. ಆದರೆ ಕೇರಿಯ ಮೇಲ್ತುದಿಯ ಕೈತಾನನ ಮನೆ ಉಳಿದಿರಲಿಲ್ಲ. ಕೈತಾನ, ಅವನ ಹೆಂಡತಿ ರೋಜಿ ಇಬ್ಬರೂ ಕೆಳಗಿನ ಮನೆಗಳನ್ನು ಕಾಯಲು ನಿಂತಿದ್ದಾಗ ಕಿಡಿ ಹಾರಿ ಅವರದೇ ಸೂರಿಗೆ ಬಿದ್ದಿತ್ತು. ವರ್ಷದ ಭತ್ತ ಕಣಜದಲ್ಲೇ ಸಿಡಿದು ಅರಳಾಗಿತ್ತು. ರೋಜಿ ಸುಟ್ಟ ಕಾಳುಗಳ ನಡುವಿನಿಂದ ಬಿಳಿಯ ಅರಳು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಎಲ್ಲರ ಮುಖವೂ ಮಸಿಯಾಗಿತ್ತು, ನನ್ನ ಅಂಗಿಯೊಂದೇ ಬೆಳ್ಳಗಿತ್ತು. ಅದನ್ನು ಹರಿದು ಹಾಕಬೇಕೆನಿಸಿತು.

ಮಾಮಲೇದಾರರು ಮಾತಿಗೆ ತಪ್ಪಲಿಲ್ಲ, ಪಂಚನಾಮೆಗೆ ಬಂದರು. ಮನೆ ನಿಂತ ಜಾಗ ಕಂದಾಯದ್ದೋ ಅರಣ್ಯದ್ದೋ ತಿಳಿಯದೆ ಪರಿಹಾರ ಕೊಡಲಾಗದು ಎಂದರು. ರೇಂಜರ್ ಸಾಹೇಬರೂ ಬಂದರು. ಹಸಿ ಟೊಂಗೆ ಮುರಿದವರು ಯಾರೆಂದು ಕೇಳಿದರು. ಗಡಿಕಲ್ಲಿನ ಮೇಲೆ ಮುರಿದದ್ದೋ ಕೆಳಗೋ ಎಂದು ಮಾತ್ರ ಕೇಳಲಿಲ್ಲ. ಟೊಂಗೆಯ ವಿಷಯದಲ್ಲಿ ಇಡೀ ಗುಡ್ಡ ಅವರದೇ.

ಆಮೇಲೆ ಮಾಮಲೇದಾರರಿಗೂ ಮೇಲಿನವರಾದ ಪ್ರಾಂತ ಸಾಹೇಬರು ಒಂದು ಸಮನ್ವಯ ಸಭೆ ಕರೆದರು. ನನ್ನನ್ನೂ ಕರೆದರು. ದಾರಿಯುದ್ದಕ್ಕೂ ನಾನು ಬೈಗುಳವನ್ನು ಮಸೆಯುತ್ತ ಹೋದೆ. ಕೈತಾನನ ಮನೆ, ಹುರಿದ ಭತ್ತ, ಗುಲಾಬಿ ಗಿಡ, ಒಂದೂ ಬಿಡಬಾರದು. ಸಭೆಯಲ್ಲಿ ಪ್ರತಿ ಇಲಾಖೆಯವರೂ ಉಳಿದ ಇಲಾಖೆಗಳ ಸಹಕಾರವನ್ನು ಹೊಗಳಿದರು. ಕೊನೆಗೆ ಪ್ರಾಂತ ಸಾಹೇಬರು ನನ್ನ ಕಡೆ ತಿರುಗಿ, "ಈಗ ಚೇರಮನ್ನರು ವಂದನಾರ್ಪಣೆ ಮಾಡುತ್ತಾರೆ" ಎಂದರು.

ನಾನು ಎದ್ದುನಿಂತೆ. ಮಸೆದಿಟ್ಟ ಬೈಗುಳವನ್ನೆಲ್ಲ ಒಮ್ಮೆ ನೆನೆದುಕೊಂಡೆ. ಬಾಯಿ ತೆರೆದೆ. "ಮಾನ್ಯ ಪ್ರಾಂತಾಧಿಕಾರಿಗಳೇ" ಎಂದು ಹೊರಟ ನಾಲಿಗೆ ಮಾಮಲೇದಾರರು, ರೇಂಜರುಗಳು, ಚಹಾ ಕೊಟ್ಟ ಸಿಪಾಯಿ, ಎಲ್ಲರಿಗೂ ಊರಿನ ಪರವಾಗಿ ಚಿರಋಣಿ ಎಂದು ಹೇಳಿಯೇ ನಿಂತಿತು. ಒಳ್ಳೆಯ ಚಪ್ಪಾಳೆ ಬಿತ್ತು.

ಊರಿಗೆ ಬಂದರೆ ಕೈತಾನ ಹೊಸ ಗೋಡೆ ಏಳಿಸುತ್ತಿದ್ದ. ಗಂಗವ್ವ, ರೋಜಿ, ಕೇರಿಯವರು ಮಣ್ಣು ತುಳಿಯುತ್ತಿದ್ದರು.

"ನಮ್ಮ ಮನಿ ವಿಷಯ ಏನಂದ್ರಿ ಚೇರಮನ್ರ?" ಎಂದು ಕೈತಾನ ಕೇಳಿದ.

ನಾನು ಅಂಗಿಯ ತೋಳು ಮಡಚಿ ಮಣ್ಣಿನ ಬುಟ್ಟಿಯೊಂದನ್ನು ತಲೆಗೆ ಎತ್ತಿಕೊಂಡೆ. ಗೋಡೆಯ ತನಕ ಹೋಗಲಾಗಲಿಲ್ಲ. ಎಡವಿ, ಬುಟ್ಟಿ ಸಮೇತ ಅರ್ಧ ಎದ್ದ ಗೋಡೆಯ ಮೇಲೆಯೇ ಬಿದ್ದೆ. ಹಸಿ ಗೋಡೆ ಒಂದು ಬದಿಗೆ ಕುಸಿಯಿತು.

ಗಂಗವ್ವ ನನ್ನನ್ನು ಎಬ್ಬಿಸಿ ಮೈಯ ಮಣ್ಣು ಕೊಡವಿದಳು. "ನೀವು ಆ ನೆಳ್ಳಾಗ ಕುಂದರ್ರಿ" ಎಂದಳು. "ಅಧ್ಯಕ್ಷತೆ ವಹಿಸ್ರಿ."

ವಹಿಸಿದೆ.