ಸೊಸೈಟಿ ಗೋಡೆಯ ಸೀಮೆ ಹಸು

ಭಾರತಮ್ಮ ಟೀಚರು ಕರಿಹಲಗೆ ಒರೆಸುವುದನ್ನು ಮರೆತರು. ತಪ್ಪು ಅಂತ ಆದದ್ದು ಅಷ್ಟೇ.

ಎಪ್ಪತ್ತೆಂಟನೇ ಇಸವಿ. ಶ್ರೀನಿವಾಸಪುರದಲ್ಲಿ ಬಸ್ಸಿಳಿದು ಮಾವಿನ ತೋಪು ದಾಟಿ ಹೋಗಬೇಕಾದ ಊರು. ಅಲ್ಲಿ ಹುಡುಗಿಯರಿಗೆ ಮುಟ್ಟಿನ ವಿಷಯ ಹೇಳಿಕೊಡಬೇಕೆಂದು ಹೊರಟವರು ಅವರೊಬ್ಬರೇ. ಹಿಂದಿನ ವರ್ಷ ಏಳನೇ ಕ್ಲಾಸಿನ ಮುನಿಯಲ್ಲಮ್ಮ ಲಂಗದಲ್ಲಿ ರಕ್ತ ಕಂಡು, ಕೆಟ್ಟ ರೋಗ ಬಂತೆಂದು ಹೆದರಿ ಬಾವಿಗೆ ಹಾರಿದ್ದಳು. ಊರು ದೆವ್ವದ ಮೇಲೆ ಹಾಕಿ ಕೈತೊಳೆದುಕೊಂಡಿತು. ಇನ್ನೊಂದು ಹುಡುಗಿ ಹೀಗೆ ಸಾಯಬಾರದೆಂದು ಟೀಚರು ಹಟ ತೊಟ್ಟರು. ಆವತ್ತು ಬೆಳಿಗ್ಗೆ ಹುಡುಗರನ್ನು ಆಟಕ್ಕೆ ಬಿಟ್ಟು, ಬಾಗಿಲು ಹಾಕಿ, ಗರ್ಭಕೋಶದ ಚಿತ್ರ ಬರೆದು ಪಾಠ ಮಾಡಿದರು. ಮೊದಮೊದಲು ಕಿಸಕಿಸ ನಕ್ಕ ಹುಡುಗಿಯರು ಆಮೇಲೆ ಉಸಿರು ಬಿಗಿಹಿಡಿದು ಕೇಳಿದರು.

ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ದಬದಬ ಬಡಿದರು. ಹಾಲಿನ ಸೊಸೈಟಿ ಮೀಟಿಂಗಿಗೆ ಊರಲ್ಲಿದ್ದ ದೊಡ್ಡ ಕೋಣೆ ಅದೊಂದೇ. ಟೀಚರು ಗಾಬರಿಯಿಂದ ಹುಡುಗಿಯರನ್ನು ಹೊರಡಿಸಿದರು. ಚಿತ್ರ ಹಾಗೇ ಉಳಿಯಿತು.

ಸೊಸೈಟಿ ಅಧ್ಯಕ್ಷ ಗಂಗುಲಪ್ಪ ಹಲಗೆ ನೋಡಿ ಕಣ್ಣರಳಿಸಿದ. "ಅಬ್ಬಬ್ಬಾ, ಏಮಿ ಕೊಮ್ಮುಲು, ಏನ್ ಕೊಂಬು! ಲೇ ಕದಿರೇಶ, ಸೊಸೈಟಿ ಗೋಡೆಗೆ ಏನ್ ಬರೆಯೋದು ಅಂತ ತಲೆ ಕೆರ್ಕೊಂತಿದ್ದಲ್ಲ, ನೋಡ್ಲಾ, ಹಸು ತಲೆ!"

ಪೇಂಟರ್ ಕದಿರೇಶನಿಗೆ ಅನುಮಾನ. "ಕಿವಿ ಕೊಂಬಿನ ತುದೀಲಿ ಐತಲ್ಲಣ್ಣ?"

"ಸೀಮೆ ಹಸು ಕಣೋ. ಅದುಕ್ಕೆ ಎಲ್ಲೆಲ್ಲಿ ಏನೇನ್ ಇರ್ತದೋ ನಿನಗೇನ್ ಗೊತ್ತು?"

ಹೆಡ್‌ಮೇಷ್ಟ್ರು ಚನ್ನರಾಯಪ್ಪನವರಿಗೆ ಮಾತ್ರ ಅದು ಏನೆಂದು ಹೊಳೆಯಿತು. ಟೀಚರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಹಸು ಅಂತಾನೇ ಅಂದ್ಬಿಡಿ ಕಣಮ್ಮ. ನಿಮ್ಮನ್ನ ಊರು ಬಿಡಿಸಿದ್ರೆ ಆ ಪಾಠ ಯಾರ್ ಮಾಡ್ತಾರೆ?"

ಆ ಕೊನೇ ಮಾತಿಗೆ ಟೀಚರು ಸೋತರು. ಗಂಗುಲಪ್ಪನ ಕಡೆ ತಿರುಗಿ "ಹೌದು, ಹಸು" ಎಂದರು. ನಾಚಿಕೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಸೊಸೈಟಿ ಗೋಡೆಯ ಮೇಲೆ ಆಳೆತ್ತರದ ಗರ್ಭಕೋಶ ಎದ್ದು ನಿಂತಿತು. ಕದಿರೇಶ ಎರಡು ಕಣ್ಣು ತಾನೇ ಸೇರಿಸಿದ್ದ. ಗಂಗುಲಪ್ಪ ಕುಂಕುಮ ಇಟ್ಟು, ಕಾಯಿ ಒಡೆದು, ಚಪ್ಪಲಿ ಬಿಟ್ಟು ಕೈಮುಗಿದ.

ಸಂಜೆ ಹಾಲು ಹಾಕಲು ಬಂದ ಏಳನೇ ಕ್ಲಾಸಿನ ಹುಡುಗಿಯರು ಗೋಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಗುಲಪ್ಪ ತನ್ನ ಮಗಳು ಗಂಗರತ್ನಳನ್ನು ಮನೆಗೆ ಎಳೆದೊಯ್ದು ಯಾಕೆ ನಕ್ಕೆ ಎಂದು ಗದರಿದ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ ಎಂದು ಬೆಳಿಗ್ಗೆಯಷ್ಟೇ ಕಲಿತಿದ್ದ ಹುಡುಗಿ, ಅಪ್ಪನಿಗೆ ಒಂದೊಂದೇ ಭಾಗದ ಹೆಸರು ಹೇಳಿ ಪೂರ್ತಿ ಪಾಠ ಒಪ್ಪಿಸಿದಳು.

ಕತ್ತಲಾಗುವ ಮುಂಚೆಯೇ ಗಂಗುಲಪ್ಪ ಟೀಚರ ಮನೆ ಬಾಗಿಲಲ್ಲಿದ್ದ.

ಟೀಚರು ತಾವೇ ಹೇಳಿದರು: "ಸುಳ್ಳು ಹೇಳಿದ್ದು ತಪ್ಪು. ಬೇಕಾದ್ರೆ ವರ್ಗ ಮಾಡಿಸಿ. ಆದ್ರೆ ಹುಡುಗೀರು ತಿಳ್ಕೊಂಡಿದ್ದು ತಪ್ಪಲ್ಲ."

"ವರ್ಗ ಮಾಡ್ಸಿದ್ರೆ ಯಾಕೆ ಅಂತ ಜನ ಕೇಳಲ್ವ? ನಾನು ಕಾಯಿ ಒಡೆದಿದ್ದು ಏನಕ್ಕೆ ಅಂತ ಗೊತ್ತಾದ್ರೆ ಸಂತೇಲಿ ತಲೆ ಎತ್ಕೊಂಡು ತಿರುಗೋಕಾಗ್ತದಾ? ಅದು ಹಸುವೇ. ನೀವೂ ಎಲ್ಲೂ ಹೋಗಂಗಿಲ್ಲ."

ಟೀಚರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನನ್ನ ಪಾಠ?"

"ಮಾಡ್ಕೊಳ್ಳಿ, ಹುಡುಗೀರು ಇದ್ರೆ. ಅದು ಹಸು ಅಲ್ಲ ಅಂತ ಗೊತ್ತಿರೋರು ಬೀದೀಲಿ ಓಡಾಡ್ಬಾರ್ದು. ಹುಡುಗೀರು ದೊಡ್ಡೋರಾಗ್ತಾವ್ರೆ, ಓದು ಸಾಕು ಅಂತ ಎಲ್ಲಾರ ಅಪ್ಪಂದಿರಿಗೂ ಹೇಳ್ಬಂದೆ. ನನ್ ಹತ್ರ ಹಾಲು ಹಾಕೋರು, ಒಬ್ರೂ ಎದುರಾಡ್ಲಿಲ್ಲ. ಗಂಗರತ್ನನ್ನ ಮುಳಬಾಗಿಲಿನ ಅವಳ ಸೋದರಮಾವನಿಗೇ ಕೊಡ್ತಿದೀನಿ."

ಗಂಗುಲಪ್ಪ ಮೆಟ್ಟಿಲಿಳಿದವನು ತಿರುಗಿ, ಮರ್ಯಾದೆಯಿಂದಲೇ ಕೈ ಜೋಡಿಸಿದ.

"ಮದುವೆಗೆ ತಪ್ಪಿಸ್ಕೊಂಬಾರ್ದು ಟೀಚರಮ್ಮ. ನೀವೇ ಮುಂದೆ ನಿಂತು ನಡೆಸ್ಕೊಡ್ಬೇಕು."