ಸಾಹುಕಾರರ ಕೈ ಬರೆದದ್ದು

ನಾನು ಡ್ರಾಯಿಂಗ್ ಮೇಷ್ಟ್ರು; ಆದರೆ ಮನುಷ್ಯರ ಕೈ ಬರೆಯುವುದೆಂದರೆ ನನಗೆ ಪ್ರಾಣಸಂಕಟ. ಮುಖವಾದರೆ ರುಮಾಲು, ಮೀಸೆ ಸೇರಿ ಅರ್ಧ ಮುಚ್ಚಿಬಿಡುತ್ತವೆ. ಕೈ ಹಾಗಲ್ಲ, ಒಂದು ಬೆರಳು ಮಡಿಸಿದರೆ ಒಂದು ಅರ್ಥ, ಎತ್ತಿದರೆ ಇನ್ನೊಂದು. ಹೊಳಲ್ಕೆರೆಯ ಶಾಲೆಯಲ್ಲಿ ಅಭಯಹಸ್ತದ ಅರ್ಥ ಹೇಳಿಕೊಡುತ್ತಿದ್ದ ನಾನೇ ಸದಾ ಹೆದರಿಕೊಂಡಿರುತ್ತಿದ್ದೆ. ಇನ್‌ಸ್ಪೆಕ್ಟರು ಬಂದರೆ ಸೀಮೆಸುಣ್ಣ ಕೈಜಾರುತ್ತಿತ್ತು.

ಹೀಗಿರುವಾಗ ನಮ್ಮ ಶಾಲೆಯ ಕಮಿಟಿಗೆ ದೊಡ್ಡವರಾದ ಭೀಮಸಮುದ್ರದ ಸಾಹುಕಾರರು ಹೇಳಿಕಳಿಸಿದರು. ವಿಷಮಜ್ವರದಿಂದ ಆಗಷ್ಟೇ ಎದ್ದಿದ್ದರು. ಫೋಟೋ ತೆಗೆಸಿದರೆ ಆಯುಷ್ಯ ಕಮ್ಮಿಯಾಗುತ್ತದೆಂದು ಅವರ ಅಕ್ಕ ಹಟ ಹಿಡಿದಿದ್ದರಿಂದ ಪಾಳಿ ನನಗೆ ಬಂದಿತ್ತು. "ಮೇಷ್ಟ್ರೆ, ಕೋಲು ಹಿಡ್ಕಂಡು ಕುಂತಂಗೆ ನಂದೊಂದು ಚಿತ್ರ ಬರ್ದುಕೊಡ್ರಿ" ಎಂದರು. ಕೋಲು ಹಿಡಿದ ಐದು ಬೆರಳು ಬರೆಯುವುದು ನನ್ನಿಂದಾಗದ ಮಾತು. ಹೇಗೂ ಶಿವಭಕ್ತರು; ಚಿತ್ರದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಬೆರಳುಗಳು ಕಾಣದಂತೆ ಹೂ ಸುರಿದೆ. ಕೊರಳಿಗೊಂದು ದಪ್ಪ ಹಾರ. ಭಕ್ತಿ ಹೆಚ್ಚಲೆಂದು ಕಣ್ಣನ್ನೂ ಮುಚ್ಚಿದೆ. ಕಣ್ಣು ಬರೆಯುವ ಕೆಲಸವೂ ತಪ್ಪಿತು.

ಪಡಸಾಲೆಯಲ್ಲಿ ಚಿತ್ರದ ಮೇಲಿನ ಬಟ್ಟೆ ಸರಿಸಿದೆ. ಎಪ್ಪತ್ತು ದಾಟಿದ ಆ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನಮ್ಮಪ್ಪನ್ನ ಮಣ್ಣಿಗೆ ಇಡುವಾಗ ಹಿಂಗೇ ಕುಂದ್ರಿಸಿದ್ವಿ ಮೇಷ್ಟ್ರೆ. ಇದೇ ಹಾರ, ಇದೇ ಕೈ. ನನ್ ತಮ್ಮ ಇನ್ನೂ ಬದುಕಿದಾನೆ."

ನಾನು ಮೈಸೂರು ಕಡೆಯವನು, ಹೆಣವನ್ನು ಮಲಗಿಸಿಯೇ ಸಾಗಿಸುವ ಮನೆತನದವನು. ಇವರಲ್ಲಿ ಕೂರಿಸಿ, ಅಂಗೈಗೆ ಲಿಂಗ ಕೊಟ್ಟು ಸಮಾಧಿ ಮಾಡುತ್ತಾರೆಂಬುದು ನನಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಸಾಹುಕಾರರು ಕೆಮ್ಮಿದರು. ಒಂದಲ್ಲ, ಮೂರು ಸಲ. ಕೆಲಸ ಹೋದರೆ ಹೋಗಲಿ, ಇವರ ಜೀವವೊಂದು ಉಳಿಯಲಿ ಎಂದು ಮನೆದೇವರಿಗೆ ಮನಸ್ಸಿನಲ್ಲೇ ಹರಕೆ ಹೊತ್ತೆ.

"ಹೆದರ್‌ಬ್ಯಾಡ್ರಿ" ಎಂದರು ಸಾಹುಕಾರರು, ನಿಧಾನವಾಗಿ ಅಂಗೈ ಎತ್ತಿ. "ಹಾರದ ಮ್ಯಾಲೆ ಬಣ್ಣ ಬಳೀರಿ, ಕಣ್ಣು ಬಿಡಿಸ್ರಿ. ಲಿಂಗ ನೋಡ್ಕಂತ ಕುಂತ್ರೆ ಅದು ಪೂಜೆ. ಈಗ್ಲೇ ಮಾಡ್ರಿ, ಅಲ್ಲೀತನಕ ಅಕ್ಕ ಊಟ ಮಾಡಾಕಿಲ್ಲ."

ಕುಂಚ ಹಿಡಿದೆ. ಅವರು ಮತ್ತೆಲ್ಲಿ ಕೆಮ್ಮುತ್ತಾರೋ ಎಂದು ಅತ್ತಲೇ ಕಿವಿಗೊಟ್ಟು ಬರೆದೆ. ರೆಪ್ಪೆ ಹಣೆಗೇರಿತು, ಗುಡ್ಡೆ ಹೊರಗೆ ಬಂತು. ಅಕ್ಕ ಹತ್ತಿರ ಬಂದು ಚಿತ್ರ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಜೀವ ಏನೋ ಬಂತು. ಆದ್ರೆ ಈ ಕಣ್ಣು ನಮ್ ತಮ್ಮಂದಲ್ಲ, ನಿಮ್ದು" ಎಂದು ಊಟಕ್ಕೆ ಹೋದರು.

ಸಾಹುಕಾರರು ಆಮೇಲೆ ಹದಿನೆಂಟು ವರ್ಷ ಗಟ್ಟಿಯಾಗಿ ಬಾಳಿದರು. ಚಿತ್ರ ಇಂದಿಗೂ ಆ ಪಡಸಾಲೆಯಲ್ಲಿದೆ. ಪೂಜೆಗೆ ಕೂತ ಯಜಮಾನರು ಯಾರನ್ನು ಕಂಡು ಹೀಗೆ ಹೆದರಿದ್ದಾರೆ ಎಂದು ಬಂದವರು ಕೇಳುತ್ತಾರೆ. "ಡ್ರಾಯಿಂಗ್ ಮೇಷ್ಟ್ರನ್ನ" ಎಂದು ಮನೆಯವರು ಹೇಳುತ್ತಾರಂತೆ.